ಹಾಡಿಯ ಮಕ್ಕಳ ರಕ್ಷಣೆ: ಕುಟುಂಬವೇ ಮೊದಲ ಆಸರೆ

ಕಾಫಿ ಕೊಯ್ಲಿನ ಕಾಲದಲ್ಲಿ ಜೇನುಕುರುಬ ಸಮುದಾಯದ ತಂದೆ-ತಾಯಂದಿರು ಕೊಡಗಿನ ತೋಟಗಳಿಗೆ ಕೂಲಿಗೆ ತೆರಳಿದಾಗ, ಮಕ್ಕಳು ಹಾಡಿಯಲ್ಲಿ ಅಜ್ಜಿಯ ಅಥವಾ ಸೋದರಮಾವನ ಬಳಿ ಉಳಿಯುವುದುಂಟು. ಹೊರಗಿನವರಿಗೆ ಇದು ನಿರ್ಲಕ್ಷ್ಯವೆಂದು ತೋರಬಹುದು. ಬಂಧುಬಳಗದ ಈ ಪಾಲನೆಯನ್ನು ಅರಿಯದೆ ಮಗುವನ್ನು ದೂರದ ಪಾಲನಾ ಸಂಸ್ಥೆಗೆ ಕಳುಹಿಸಿದಲ್ಲಿ, ಅದು ಮನೆಯೊಂದಿಗೆ ತನ್ನ ನುಡಿಯನ್ನೂ ಬಳಗವನ್ನೂ ಕಳೆದುಕೊಳ್ಳುವುದು.

ಬಾಲನ್ಯಾಯ ಕಾಯ್ದೆ, 2015ರ 3ನೇ ಪ್ರಕರಣವು ಪಾಲನೆಯ ಪ್ರಾಥಮಿಕ ಹೊಣೆಯನ್ನು ಕುಟುಂಬಕ್ಕೆ ವಹಿಸಿ, ಸಂಸ್ಥೆಗೆ ಸೇರಿಸುವುದನ್ನು ಕಟ್ಟಕಡೆಯ ಕ್ರಮವೆಂದು ಹೇಳುತ್ತದೆ. ಮಕ್ಕಳ ಕಲ್ಯಾಣ ಸಮಿತಿಯು ತೀರ್ಮಾನಕ್ಕೆ ಮುನ್ನ ಸಾಮಾಜಿಕ ತನಿಖಾ ವರದಿಯನ್ನು ಪರಿಶೀಲಿಸುತ್ತದೆ. ತನಿಖೆಯ ವೇಳೆ ಹಾಡಿಯ ಯಜಮಾನರು, ಸಮುದಾಯದ ನುಡಿ ಬಲ್ಲವರು ಹಾಜರಿದ್ದು, ಅವರ ಮಾತು ವರದಿಯಲ್ಲಿ ದಾಖಲಾಗುವಂತೆ ಸದಸ್ಯರು ನೆರವಾಗುವುದು ಅವಶ್ಯ.

ಬಡತನವೇ ತೊಡಕಾಗಿದ್ದಲ್ಲಿ, ಮಿಷನ್ ವಾತ್ಸಲ್ಯದಡಿ ಅರ್ಹ ಮಕ್ಕಳಿಗೆ ಮಾಸಿಕ 4,000 ರೂ. ಪ್ರಾಯೋಜಕತ್ವದ ನೆರವಿಗೆ ಅವಕಾಶವಿದೆ. ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಅರ್ಜಿ ಸಲ್ಲಿಸಲು ಅಂತಹ ಕುಟುಂಬಗಳಿಗೆ ಸದಸ್ಯರು ಸಹಕರಿಸಬೇಕು.

ಆದರೆ ಹಿಂಸೆ, ಬಾಲ್ಯವಿವಾಹ, ಲೈಂಗಿಕ ದೌರ್ಜನ್ಯಗಳನ್ನು ಸಂಪ್ರದಾಯದ ಹೆಸರಿನಲ್ಲಿ ಮುಚ್ಚಿಡುವಂತಿಲ್ಲ. ಅಂತಹ ಸಂದರ್ಭದಲ್ಲಿ ತಡಮಾಡದೆ ಮಕ್ಕಳ ಸಹಾಯವಾಣಿ 1098ಕ್ಕೆ ತಿಳಿಸತಕ್ಕದ್ದು.