‘ಆಂಟಿ’ ಎಂಬ ಉಪಸರ್ಗದ ಕುಲಗೋತ್ರ

ಕಳೆದ ತಿಂಗಳು ಗುಮಾಸ್ತ ಮಿತ್ರರೊಬ್ಬರು ನಮ್ಮ ಕಚೇರಿಗೆ ಬಂದು ಬಹಳ ಹೊತ್ತು ಮಾತಿಲ್ಲದೆ ಕುಳಿತಿದ್ದರು. ನಾವು ಹೋಟೆಲು ನಡೆಸುತ್ತಿದ್ದ ಕಾಲದ ಪರಿಚಯ. ಹಗಲು ಲೋಟ ತೊಳೆದು, ರಾತ್ರಿಶಾಲೆಯಲ್ಲಿ ಓದಿ, ಈಗ ಕಂಪೆನಿಯೊಂದರ ಲೆಕ್ಕಪತ್ರ ವಿಭಾಗದಲ್ಲಿ ಇರುವವರು. ಬರೆದ ದಿನಕ್ಕಿಂತ ಹಿಂದಿನ ತಾರೀಖು ಹಾಕಿದ ಚೆಕ್ಕೊಂದರ ವಿಷಯವಾಗಿ ಕಾಗದ ಬರೆಯುತ್ತ, ‘ಆಂಟಿಡೇಟೆಡ್’ ಎಂಬಲ್ಲಿ ‘ಆಂಟಿ’ಯ ಕೊನೆಗೆ ಇಂಗ್ಲಿಷಿನ ‘ಇ’ ಬರಬೇಕಾದೆಡೆ ‘ಐ’ ಬರೆದಿದ್ದರಂತೆ. ಮೇಲಧಿಕಾರಿಗಳು ಅದನ್ನು ಎಲ್ಲರೆದುರು ಓದಿ, “ತಾರೀಖಿನ ವಿರೋಧಿ ಚೆಕ್ಕು ಬಂದಿದೆ” ಎಂದು ನಕ್ಕರಂತೆ.

“ದೊಡ್ಡ ಶಾಲೆಯಲ್ಲಿ ಓದಿದ್ದರೆ ಹೀಗಾಗುತ್ತಿರಲಿಲ್ಲ, ರಾಯರೇ” ಎಂದರು.

ನಾವೂ ಎಸ್ಸೆಸ್ಸೆಲ್ಸಿಯ ಆಚೆ ಹೋದವರಲ್ಲ. ಆದರೂ ನಿಘಂಟುಗಳನ್ನು ತೆಗೆದು ನೋಡಿದೆವು. ನೋಡಿದ ಮೇಲೆ ನಗಬೇಕಾದವರು ಯಾರೆಂಬ ಸಂಶಯ ನಮಗೆ ಬಂದಿತು.

ವಿರೋಧವನ್ನು ಸೂಚಿಸುವ ‘ಆಂಟಿ’ ಗ್ರೀಕ್ ಭಾಷೆಯ ‘ಅಂತಿ’ಯಿಂದ ಬಂದದ್ದು. (ನೆರೆಮನೆಯ ಹೆಂಗಸರನ್ನು ಮಕ್ಕಳು ಕರೆಯುವ ‘ಆಂಟಿ’ ಬೇರೆ, ಅದು ಸೋದರತ್ತೆ ಎಂಬರ್ಥದ ಲ್ಯಾಟಿನ್ ಶಬ್ದದಿಂದ ಹುಟ್ಟಿದ್ದು.) ಸೋಜಿಗವೆಂದರೆ ಸಂಸ್ಕೃತದಲ್ಲಿಯೂ ‘ಅಂತಿ’ ಎಂಬ ಶಬ್ದವುಂಟು. ಅದಕ್ಕೆ ‘ಸಮೀಪದಲ್ಲಿ, ಎದುರಿನಲ್ಲಿ’ ಎಂದು ಅರ್ಥ. ‘ಅಂತಿಕ’ ಎಂಬುದು ಅದರ ಸಂತಾನವೇ. ಪ್ರಾಚೀನ ಹಿಟ್ಟೈಟ್ ಭಾಷೆಯಲ್ಲಿ ‘ಹಂತ್’ ಎಂದರೆ ಹಣೆ. ಇವೆಲ್ಲವೂ ಒಂದೇ ಮೂಲದವು ಎಂಬುದು ಭಾಷಾಶಾಸ್ತ್ರಜ್ಞರ ನಿರ್ಣಯ. ಹಣೆಗೆ ನೇರವಾಗಿರುವುದು ಮೊದಲು ‘ಎದುರಿನದು’ ಆಯಿತು, ತರುವಾಯ ‘ವಿರುದ್ಧವಾದದ್ದು’ ಆಯಿತು. ನಮ್ಮ ‘ಎದುರು’ ಎಂಬ ಶಬ್ದವೂ ಹಾಗೆಯೇ ಅಲ್ಲವೇ? ಎದುರುಮನೆಯವನು ಸ್ನೇಹಿತ, ಎದುರಾಳಿ ವೈರಿ. ನಮ್ಮ ಹೋಟೆಲಿನ ಎದುರಿಗೆ ಇನ್ನೊಂದು ಹೋಟೆಲು ತೆರೆದ ದಿನ ನಮಗೆ ಎರಡೂ ಅರ್ಥಗಳು ಒಟ್ಟಿಗೇ ತಿಳಿದುವು.

ಗ್ರೀಕರಿಗೆ ‘ಅಂತಿ’ ಎಂದರೆ ‘ಬದಲಾಗಿ’ ಎಂದೂ ಅರ್ಥವಿತ್ತು. ರೋಮಿನ ಕಾನ್ಸಲನಿಗೆ ಬದಲಾಗಿ ಪ್ರಾಂತವನ್ನಾಳುವ ಅಧಿಕಾರಿಯನ್ನು ಅವರು ‘ಅಂಥುಪಾತೋಸ್’ ಎಂದು ಕರೆದರು. ಅವನು ಕಾನ್ಸಲನ ವಿರೋಧಿಯಲ್ಲ, ಪ್ರತಿನಿಧಿ. ನಮ್ಮಲ್ಲಿ ‘ಪ್ರತಿ’ ಎಂಬ ಒಂದೇ ಉಪಸರ್ಗವು ಪ್ರತಿವಾದಿಯನ್ನೂ ಪ್ರತಿನಿಧಿಯನ್ನೂ ಹೊತ್ತಿರುವಂತೆಯೇ ಇದು.

ಇನ್ನು ‘ಅಂಟಾರ್ಕ್ಟಿಕ್’. ಗ್ರೀಕಿನಲ್ಲಿ ‘ಆರ್ಕ್ಟೋಸ್’ ಎಂದರೆ ಕರಡಿ. ನಮ್ಮ ಸಪ್ತರ್ಷಿ ಮಂಡಲವಿರುವ ನಕ್ಷತ್ರರಾಶಿಗೆ ಅವರು ಕೊಟ್ಟ ಹೆಸರೂ ಅದೇ. ಕರಡಿಯ ದಿಕ್ಕು ಉತ್ತರ, ಅದರ ಎದುರಿನ ದಿಕ್ಕು ಅಂಟಾರ್ಕ್ಟಿಕ್. ಆ ಕರಡಿಯೂ ಪರಕೀಯನಲ್ಲ. ಜಾಂಬವಂತನನ್ನು ಋಕ್ಷರಾಜನೆನ್ನುವಾಗಿನ ‘ಋಕ್ಷ’ವೇ ‘ಆರ್ಕ್ಟೋಸ್’ ಶಬ್ದದ ದಾಯಾದಿ.

‘ಆಂಟಿಬಯಾಟಿಕ್’ ಎಂದರೆ ಅಕ್ಷರಶಃ ‘ಜೀವಕ್ಕೆ ವಿರುದ್ಧ’. ಹೆಸರು ಭಯಂಕರವೇ ಸರಿ. ಆದರೆ ಆ ಜೀವ ನಮ್ಮದಲ್ಲ, ರೋಗಾಣುವಿನದು. ಈ ಹೆಸರಿಗೆ ಇಂದಿನ ಅರ್ಥವನ್ನು 1940ರ ದಶಕದಲ್ಲಿ ರೂಢಿಗೆ ತಂದವರು ಸೆಲ್ಮನ್ ವಾಕ್ಸ್‌ಮನ್ ಎಂಬ ವಿಜ್ಞಾನಿಗಳು. 1943ರಲ್ಲಿ ಅವರ ಪ್ರಯೋಗಾಲಯದಲ್ಲಿ ದೊರೆತ ಸ್ಟ್ರೆಪ್ಟೊಮೈಸಿನ್ ಕ್ಷಯರೋಗಕ್ಕೆ ಮದ್ದಾಯಿತು. ಹೊಗೆ ತುಂಬಿದ ಅಡುಗೆಮನೆಯಲ್ಲಿ ದುಡಿದು, ಇಕ್ಕಟ್ಟಿನ ಕೋಣೆಯಲ್ಲಿ ಹತ್ತು ಮಂದಿ ಮಲಗಿದವರಿಗೆ ಆ ರೋಗದ ಪರಿಚಯ ಹೇಳಬೇಕಾಗಿಲ್ಲ.

ಈಗ ಮಿತ್ರರ ಚೆಕ್ಕಿಗೆ ಬರೋಣ. ‘ಇ’ ಅಕ್ಷರದಿಂದ ಮುಗಿಯುವ ‘ಆಂಟಿ’ ಲ್ಯಾಟಿನ್ನಿನದು, ಅರ್ಥ ‘ಮುಂಚೆ’. ನಾವು ದಿನವೂ ಬರೆಯುವ ‘ಎ. ಎಂ.’ ಎಂಬುದರ ‘ಎ’ ಇದೇ: ಮಧ್ಯಾಹ್ನಕ್ಕೆ ಮುಂಚೆ. ಇದೂ ಅದೇ ಹಣೆಯ ವಂಶ. ಗ್ರೀಕ್ ‘ಅಂತಿ’ಯ ಒಡಹುಟ್ಟು. ಇಂಗ್ಲಿಷರ ಬಾಯಲ್ಲಿ ಎರಡರ ಉಚ್ಚಾರವೂ ಹೆಚ್ಚುಕಡಿಮೆ ಒಂದೇ. ಆದುದರಿಂದ ಕಿವಿಯನ್ನು ನಂಬಿ ಬರೆಯುವವನು ತಪ್ಪುವುದು ಸಹಜ. ಅಷ್ಟೇ ಅಲ್ಲ, ‘ಮುಂದಾಗಿ ನಿರೀಕ್ಷಿಸು’ ಎಂಬರ್ಥದ ‘ಆಂಟಿಸಿಪೇಟ್’ ಶಬ್ದದಲ್ಲಿರುವುದು ಲ್ಯಾಟಿನ್ನಿನ ‘ಮುಂಚೆ’ಯೇ, ಆದರೆ ಅದನ್ನು ಬರೆಯುವುದು ‘ಐ’ ಅಕ್ಷರದಿಂದ! ನಮ್ಮ ಮಿತ್ರರು ಮಾಡಿದ ಅದಲುಬದಲನ್ನು ಅಲ್ಲಿ ಭಾಷೆಯೇ ಮಾಡಿಕೊಂಡು, ಸರಿಯೆಂದು ನಿಘಂಟಿನಲ್ಲಿ ಅಚ್ಚು ಹಾಕಿಸಿಕೊಂಡಿದೆ.

ಮಿತ್ರರು ಆ ಶಬ್ದವನ್ನು ಚೀಟಿಯೊಂದರ ಮೇಲೆ ಬರೆದು ಜೇಬಿನಲ್ಲಿಟ್ಟುಕೊಂಡು ಹೋದರು. ಮೇಲಧಿಕಾರಿಗಳಿಗೆ ತೋರಿಸಿದರೋ ಇಲ್ಲವೋ, ನಾವು ಕೇಳಲಿಲ್ಲ.