ಶಾನ್ ಬೆಟ್ಟಗಳ ಅಫೀಮು ಮತ್ತು ಕೋವಿ

ನಾವು ಪಾಯಸಕ್ಕೆ ಹಾಕುವ ಗಸಗಸೆ ಮತ್ತು ಅಫೀಮು ಎರಡೂ ಒಂದೇ ಗಿಡದಿಂದ ಬರುತ್ತವೆ. ಬಲಿತು ಒಣಗಿದ ಕಾಯೊಳಗಿನ ಬೀಜ ಅಡುಗೆಮನೆ ಸೇರುತ್ತದೆ. ಕಾಯಿ ಹಸಿರಾಗಿರುವಾಗಲೇ ಸಿಪ್ಪೆಗೆ ಗೀರು ಹಾಕಿದರೆ ಒಸರುವ ಹಾಲು ಗಟ್ಟಿಯಾಗಿ ಅಫೀಮಾಗುತ್ತದೆ. ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶಗಳ ಸಾವಿರಾರು ರೈತರು ಕೇಂದ್ರ ಸರ್ಕಾರದ ಪರವಾನಗಿ ಪಡೆದು ಇದನ್ನು ಬೆಳೆಯುತ್ತಾರೆ. ಹೊಲವನ್ನು ಅಧಿಕಾರಿಗಳು ಅಳೆಯುತ್ತಾರೆ, ಫಸಲನ್ನು ಸರ್ಕಾರ ಕೊಳ್ಳುತ್ತದೆ, ಅದರಿಂದ ಮಾರ್ಫಿನ್‌ನಂಥ ನೋವುನಿವಾರಕಗಳು ತಯಾರಾಗುತ್ತವೆ. ಅಷ್ಟಿಷ್ಟು ಕಳ್ಳದಾರಿ ಹಿಡಿಯುವುದೂ ಉಂಟು. ಆದರೆ ಆ ದುಡ್ಡಿನಿಂದ ಅಲ್ಲಿ ಯಾರೂ ಸೈನ್ಯ ಕಟ್ಟಿಲ್ಲ.

ಅದೇ ಗಿಡ ಮ್ಯಾನ್ಮಾರ್‌ನ ಶಾನ್ ರಾಜ್ಯದಲ್ಲಿ ಮುಕ್ಕಾಲು ಶತಮಾನದಿಂದ ಸೈನ್ಯಗಳನ್ನು ಸಾಕುತ್ತಾ ಬಂದಿದೆ. ಗಿಡದಲ್ಲಿ ವ್ಯತ್ಯಾಸವಿಲ್ಲ, ವ್ಯತ್ಯಾಸವಿರುವುದು ಅದು ಬೇರೂರಿದ ನೆಲದ ಆಡಳಿತದಲ್ಲಿ. ಮಾದಕವಸ್ತು, ಬಂಡಾಯ, ದೇಶದ ಭದ್ರತೆ ಈ ಮೂರೂ ಹೇಗೆ ಒಂದಕ್ಕೊಂದು ಹೆಣೆದುಕೊಳ್ಳುತ್ತವೆ ಎಂಬುದನ್ನು ತಿಳಿಯಲು ಶಾನ್ ಬೆಟ್ಟಗಳಿಗಿಂತ ಸ್ಪಷ್ಟವಾದ ಉದಾಹರಣೆ ಏಷ್ಯಾದಲ್ಲಿ ಸಿಗುವುದು ಕಷ್ಟ.

ಬೆಟ್ಟದ ರೈತನ ಲೆಕ್ಕ

ಶಾನ್ ರಾಜ್ಯದ ವಿಸ್ತೀರ್ಣ ಸುಮಾರು 1,55,000 ಚದರ ಕಿಲೋಮೀಟರ್, ಅಂದರೆ ಕರ್ನಾಟಕದ ಐದರಲ್ಲಿ ನಾಲ್ಕು ಪಾಲು. ಚೀನಾ, ಲಾವೋಸ್, ಥಾಯ್ಲೆಂಡ್ ಮೂರಕ್ಕೂ ಅದು ಗಡಿ. ನಡುವೆ ಸಾಲ್ವೀನ್ ನದಿ ಆಳವಾದ ಕಣಿವೆಗಳನ್ನು ಕೊರೆದು ಹರಿಯುತ್ತದೆ. ಶಾನ್, ಪಲಾಂಗ್, ಪವೊ, ಕಚಿನ್, ಲಾಹು, ವಾ, ಕೊಕಾಂಗ್ ಚೀನೀಯರು ಹೀಗೆ ಹತ್ತಾರು ಸಮುದಾಯಗಳು ಇಲ್ಲಿ ನೆಲೆಸಿವೆ. ಈ ಪ್ರದೇಶವೂ ಅದಕ್ಕೆ ಹೊಂದಿಕೊಂಡ ಲಾವೋಸ್, ಥಾಯ್ಲೆಂಡ್‌ಗಳ ಬೆಟ್ಟಸೀಮೆಯೂ ಸೇರಿ ‘ಸುವರ್ಣ ತ್ರಿಕೋನ’ ಎಂಬ ಹೆಸರು ಪಡೆದಿವೆ.

ಬೆಟ್ಟದ ಇಳಿಜಾರಿನಲ್ಲಿ ಮಳೆಗಾಲ ಮುಗಿಯುತ್ತಿದ್ದಂತೆ ಗಸಗಸೆ ಬಿತ್ತುತ್ತಾರೆ. ಚಳಿಗಾಲದಲ್ಲಿ ಹೂವು ಉದುರಿ ಕಾಯಿ ಕಟ್ಟುತ್ತದೆ. ಮೂರು ನಾಲ್ಕು ಅಲಗುಗಳನ್ನು ಒಟ್ಟಿಗೆ ಕಟ್ಟಿದ ಪುಟ್ಟ ಚಾಕುವಿನಿಂದ ಮಧ್ಯಾಹ್ನದ ಹೊತ್ತಿಗೆ ಒಂದೊಂದೇ ಕಾಯಿಗೆ ಗೀರು ಹಾಕುತ್ತಾರೆ. ಗೀರು ತೀರ ಆಳವಾದರೆ ಹಾಲು ಕಾಯೊಳಗೇ ಇಳಿದು ಹಾಳು. ತೀರ ಮೇಲಾದರೆ ಒಸರುವುದೇ ಇಲ್ಲ. ರಾತ್ರಿಯಿಡೀ ಒಸರಿ ಕಂದುಬಣ್ಣಕ್ಕೆ ತಿರುಗಿದ ಅಂಟನ್ನು ಮರುದಿನ ಬೆಳಿಗ್ಗೆ ಕೆರೆದು ತೆಗೆಯಬೇಕು. ಇಡೀ ಸಂಸಾರ ಬೆನ್ನು ಬಗ್ಗಿಸಿ ವಾರಗಟ್ಟಲೆ ದುಡಿದರೆ ಕೈಗೆ ಬರುವುದು ಕೆಲವೇ ಕಿಲೋ.

ಆದರೂ ರೈತ ಇದನ್ನೇ ಏಕೆ ಬೆಳೆಯುತ್ತಾನೆ? ಜೋಳವನ್ನೋ ಕೋಸನ್ನೋ ಬೆಳೆದರೆ ಪೇಟೆಗೆ ಸಾಗಿಸಲು ರಸ್ತೆ ಬೇಕು. ಅಫೀಮಿಗೆ ರಸ್ತೆ ಬೇಡ, ಹೆಗಲ ಚೀಲ ಸಾಕು. ಇಟ್ಟರೆ ಕೆಡುವುದಿಲ್ಲ. ವ್ಯಾಪಾರಿ ಮನೆ ಬಾಗಿಲಿಗೇ ಬಂದು ಕೊಳ್ಳುತ್ತಾನೆ. ಅಕ್ಕಿ ಮುಗಿದ ತಿಂಗಳುಗಳಲ್ಲಿ ಮುಂಗಡವನ್ನೂ ಕೊಡುತ್ತಾನೆ. ಬ್ಯಾಂಕು, ಗೋದಾಮು, ಮಾರುಕಟ್ಟೆ ಯಾವುದೂ ಇಲ್ಲದ ಕಡೆ ಅಫೀಮೇ ಇವೆಲ್ಲದರ ಕೆಲಸ ಮಾಡುತ್ತದೆ. ಫಸಲು ಬಂದಾಗ ಆ ಬೆಟ್ಟವನ್ನು ಆಳುವ ಸಶಸ್ತ್ರ ಗುಂಪು ತನ್ನ ತೆರಿಗೆ ವಸೂಲಿ ಮಾಡುತ್ತದೆ. ಕೆಲವೆಡೆ ಒಂದೇ ಹೊಲಕ್ಕೆ ಎರಡು ಮೂರು ಗುಂಪುಗಳು ಕೈಚಾಚುತ್ತವೆ. ಹೆರಾಯಿನ್ ಆಗಿ ಗಡಿ ದಾಟಿದ ಮೇಲೆ ಬರುವ ಲಾಭದಲ್ಲಿ ರೈತನ ಪಾಲು ತೀರ ಚಿಕ್ಕದು.

ಸೋತ ಸೈನ್ಯ, ಮುರಿದ ಮಾತು

1949ರಲ್ಲಿ ಚೀನಾದಲ್ಲಿ ಮಾವೋ ಗೆದ್ದಾಗ ಚಿಯಾಂಗ್ ಕೈಶೇಕರ ಕುಮಿಂಟಾಂಗ್ ಪಡೆಗಳಲ್ಲಿ ಒಂದು ಭಾಗ ತೈವಾನ್‌ಗೆ ಹೋಗಲಾಗದೆ ಯುನ್ನಾನ್ ಗಡಿ ದಾಟಿ ಶಾನ್ ಬೆಟ್ಟಗಳಿಗೆ ಇಳಿಯಿತು. ಚೀನಾದ ಮೇಲೆ ಮರುದಾಳಿ ಮಾಡಲೆಂದು ಅಮೆರಿಕದ ಸಿಐಎ ಅವರಿಗೆ ಶಸ್ತ್ರ ಒದಗಿಸಿತು. ಆಗಷ್ಟೇ ಸ್ವತಂತ್ರವಾಗಿದ್ದ ಬರ್ಮಾ (ಇಂದಿನ ಮ್ಯಾನ್ಮಾರ್) 1953ರಲ್ಲಿ ವಿಶ್ವಸಂಸ್ಥೆಗೆ ದೂರು ಕೊಟ್ಟಿತು. ಮರುದಾಳಿಗಳು ಸೋತವು, ಸೈನ್ಯ ಮಾತ್ರ ಬೆಟ್ಟದಲ್ಲೇ ಉಳಿಯಿತು. ಉಳಿದ ಸೈನ್ಯಕ್ಕೆ ಅನ್ನ, ಮದ್ದುಗುಂಡು ಎಲ್ಲಿಂದ ಬರಬೇಕು? ಕೋವಿ ಕೊಳ್ಳಲು ಹಣ ಬೇಕು, ಈ ಬೆಟ್ಟಗಳಲ್ಲಿ ಹಣವೆಂದರೆ ಅಫೀಮೊಂದೇ ಎಂದು ಆ ಪಡೆಯ ಜನರಲ್ ದುವಾನ್ ಶಿವೆನ್ 1967ರಲ್ಲಿ ಬ್ರಿಟಿಷ್ ಪತ್ರಕರ್ತರೆದುರು ಮುಚ್ಚುಮರೆಯಿಲ್ಲದೆ ಹೇಳಿದ.

ಇನ್ನೊಂದು ಕಾರಣ ಬರ್ಮಾದ ಒಳಗೇ ಇತ್ತು. 1947ರ ಫೆಬ್ರವರಿ 12ರಂದು ಪಾಂಗ್‌ಲಾಂಗ್‌ನಲ್ಲಿ ಬರ್ಮಾದ ಸ್ವಾತಂತ್ರ್ಯ ಹೋರಾಟದ ನಾಯಕ ಆಂಗ್ ಸಾನ್ ಅವರು ಶಾನ್, ಕಚಿನ್, ಚಿನ್ ಮುಖಂಡರಿಗೆ ಒಳಾಡಳಿತದ ಸ್ವಾತಂತ್ರ್ಯದ ಮಾತು ಕೊಟ್ಟಿದ್ದರು. ಹತ್ತು ವರ್ಷಗಳ ನಂತರ ಒಕ್ಕೂಟದಿಂದ ಹೊರಹೋಗುವ ಹಕ್ಕು ಶಾನ್ ರಾಜ್ಯಕ್ಕೆ ಸಂವಿಧಾನದಲ್ಲೇ ಇತ್ತು. 1947ರ ಜುಲೈನಲ್ಲೇ ಆಂಗ್ ಸಾನ್ ಕೊಲೆಯಾದರು. ಕೊಟ್ಟ ಮಾತು ನಡೆಯಲಿಲ್ಲ. ಐವತ್ತರ ದಶಕದ ಕೊನೆಯಲ್ಲಿ ಶಾನ್ ಯುವಕರು ಶಸ್ತ್ರ ಹಿಡಿದರು. 1962ರಲ್ಲಿ ಜನರಲ್ ನೆ ವಿನ್ ಅಧಿಕಾರ ಕಸಿದುಕೊಂಡ ಮೇಲೆ ಬಂಡಾಯ ಹಬ್ಬಿತು. ನ್ಯಾಯವಾದ ರಾಜಕೀಯ ಬೇಡಿಕೆಯೊಂದು ಹಣಕ್ಕಾಗಿ ಅಫೀಮಿನ ದಾರಿಯನ್ನೇ ನೆಚ್ಚಬೇಕಾಯಿತು. ದಾರಿ ಹಿಡಿದವರು ಬರುಬರುತ್ತಾ ಅದರ ಕಾವಲುಗಾರರೇ ಆದರು.

ಸರ್ಕಾರವೇ ಕೊಟ್ಟ ರಹದಾರಿ

ಬಂಡಾಯ ಹತ್ತಿಕ್ಕಲು 1963ರಲ್ಲಿ ರಂಗೂನಿನ ಸೈನಿಕ ಸರ್ಕಾರ ‘ಕಾ ಕ್ವೆ ಯೆ’ ಎಂಬ ಊರುಕಾವಲು ಪಡೆಗಳನ್ನು ಹುಟ್ಟುಹಾಕಿತು. ಬಂಡುಕೋರರ ವಿರುದ್ಧ ಹೋರಾಡಿದರೆ ಸರ್ಕಾರಿ ರಸ್ತೆಗಳಲ್ಲಿ ಯಾವ ಸರಕನ್ನು ಬೇಕಾದರೂ ಸಾಗಿಸಬಹುದೆಂಬ ರಿಯಾಯಿತಿ ಅವುಗಳಿಗೆ ಸಿಕ್ಕಿತು. ಖಜಾನೆಗೆ ಖರ್ಚಿಲ್ಲ, ಸೈನ್ಯಕ್ಕೆ ಬೆಂಬಲ. ಅಗ್ಗವೆಂದು ಕಂಡ ಈ ಉಪಾಯವೇ ಏಷ್ಯಾದ ಇಬ್ಬರು ಅತಿ ದೊಡ್ಡ ಅಫೀಮು ದೊರೆಗಳನ್ನು ಬೆಳೆಸಿತು: ಕೊಕಾಂಗ್‌ನ ಲೋ ಸಿಂಗ್ ಹಾನ್ ಮತ್ತು ಲೋಯ್ ಮಾವ್‌ನ ಖುನ್ ಸಾ.

1967ರಲ್ಲಿ ಖುನ್ ಸಾ ಸುಮಾರು 16 ಟನ್ ಅಫೀಮನ್ನು ಮುನ್ನೂರರಷ್ಟು ಹೇಸರಗತ್ತೆಗಳ ಮೇಲೆ ಹೇರಿ, ಐನೂರು ಬಂಟರ ಕಾವಲಿನಲ್ಲಿ ಲಾವೋಸ್ ಕಡೆಗೆ ಕಳಿಸಿದ. ತಮಗೆ ಸಲ್ಲಬೇಕಾದ ಸುಂಕ ಕೊಡಲಿಲ್ಲವೆಂದು ಕುಮಿಂಟಾಂಗ್ ಪಡೆ ಬೆನ್ನಟ್ಟಿತು. ಮೆಕಾಂಗ್ ದಡದ ಬಾನ್ ಖ್ವಾನ್ ಎಂಬ ಹಳ್ಳಿಯಲ್ಲಿ ಎರಡೂ ಕಡೆಯವರು ಕಾದಾಡುತ್ತಿದ್ದಾಗ ಲಾವೋಸ್ ಸೇನೆಯ ಮುಖ್ಯಸ್ಥ ಊವಾನ್ ರಟ್ಟಿಕೋನ್ ವಿಮಾನಗಳಿಂದ ಬಾಂಬು ಹಾಕಿಸಿ ಇಬ್ಬರನ್ನೂ ಚದುರಿಸಿ ಅಫೀಮನ್ನು ವಶಮಾಡಿಕೊಂಡ. ಕಳ್ಳಸಾಗಣೆದಾರ, ಸೋತ ಸೈನ್ಯ, ಸರ್ಕಾರಿ ಸೇನಾನಿ ಮೂವರೂ ಒಂದೇ ಮೂಟೆಗಾಗಿ ಬಡಿದಾಡಿದ ಈ ಘಟನೆ ಆ ಸೀಮೆಯ ಆಡಳಿತ ಎಂಥದ್ದೆಂದು ತೋರಿಸಿಕೊಟ್ಟಿತು.

ಖುನ್ ಸಾ 1969ರಲ್ಲಿ ಸೆರೆಯಾದ. ಅವನ ಜನ 1973ರಲ್ಲಿ ತೌಂಜಿಯಲ್ಲಿ ಇಬ್ಬರು ಸೋವಿಯತ್ ವೈದ್ಯರನ್ನು ಅಪಹರಿಸಿ, ಅವರಿಗೆ ಬದಲಾಗಿ 1974ರಲ್ಲಿ ಅವನನ್ನು ಬಿಡಿಸಿಕೊಂಡರು. ಮುಂದೆ ಅವನು ಶಾನ್ ಸ್ವಾತಂತ್ರ್ಯದ ಬಾವುಟ ಹಿಡಿದು ಸಾವಿರಾರು ಸೈನಿಕರ ಮೊಂಗ್ ತಾಯ್ ಸೇನೆ ಕಟ್ಟಿದ. ಅಮೆರಿಕ ಅವನ ತಲೆಗೆ 20 ಲಕ್ಷ ಡಾಲರ್ ಬಹುಮಾನ ಘೋಷಿಸಿತು. 1996ರಲ್ಲಿ ಬರ್ಮಾ ಸರ್ಕಾರಕ್ಕೆ ಶರಣಾದ ಅವನನ್ನು ಅಮೆರಿಕಕ್ಕೆ ಒಪ್ಪಿಸಲಿಲ್ಲ. ರಂಗೂನಿನಲ್ಲೇ ನೆಮ್ಮದಿಯಾಗಿದ್ದು 2007ರಲ್ಲಿ ತೀರಿಕೊಂಡ.

ಬೆಳೆ ಇಳಿಯಿತು, ವ್ಯಾಪಾರ ಏರಿತು

1989ರಲ್ಲಿ ಚೀನಾದ ನೆರವಿನಿಂದ ನಡೆಯುತ್ತಿದ್ದ ಬರ್ಮಾ ಕಮ್ಯುನಿಸ್ಟ್ ಪಕ್ಷ ಒಳದಂಗೆಯಿಂದ ಒಡೆಯಿತು. ಕೊಕಾಂಗ್, ವಾ ಪಡೆಗಳು ಬೇರೆಯಾದವು. ಸೈನಿಕ ಸರ್ಕಾರ ತಡಮಾಡದೆ ಅವುಗಳೊಡನೆ ಕದನವಿರಾಮ ಮಾಡಿಕೊಂಡಿತು. ಕೋವಿ ನಿಮ್ಮಲ್ಲೇ ಇರಲಿ, ನೆಲ ನೀವೇ ಆಳಿ, ನಮ್ಮ ಮೇಲೆ ಬರಬೇಡಿ ಎಂಬುದೇ ಒಪ್ಪಂದದ ತಿರುಳು. ಸಂಯುಕ್ತ ವಾ ರಾಜ್ಯ ಸೇನೆ ಇಂದು ಮ್ಯಾನ್ಮಾರ್‌ನ ಅತಿ ಬಲಿಷ್ಠ ಜನಾಂಗೀಯ ಪಡೆ. ಅದರ ನೆಲದಲ್ಲಿ ಚೀನೀ ನಾಣ್ಯ, ಚೀನೀ ಮೊಬೈಲ್ ಜಾಲ ನಡೆಯುತ್ತವೆ. ಮ್ಯಾನ್ಮಾರ್ ಸೈನಿಕ ಅನುಮತಿಯಿಲ್ಲದೆ ಕಾಲಿಡುವಂತಿಲ್ಲ.

ಚೀನಾದ ಒತ್ತಡಕ್ಕೆ ಮಣಿದು ವಾ ಮುಖಂಡರು 2005ರಲ್ಲಿ ಅಫೀಮು ಬೆಳೆಯನ್ನು ನಿಷೇಧಿಸಿದರು. ಮ್ಯಾನ್ಮಾರ್‌ನಲ್ಲಿ 1996ರಲ್ಲಿ 1,63,000 ಹೆಕ್ಟೇರ್ ಇದ್ದ ಗಸಗಸೆ 2006ರ ಹೊತ್ತಿಗೆ 21,500ರ ಆಸುಪಾಸಿಗೆ ಇಳಿಯಿತು. ಜಗತ್ತು ಇದನ್ನು ಗೆಲುವೆಂದು ಕೊಂಡಾಡಿತು. ಬೇರೆ ಆದಾಯವಿಲ್ಲದ ಬೆಟ್ಟದ ರೈತರಿಗೆ ಅದು ಹಸಿವಿನ ಕಾಲವಾಯಿತು. ವ್ಯಾಪಾರಿಗಳು ಅಷ್ಟರಲ್ಲಿ ಹೊಲವೇ ಬೇಡದ ಸರಕನ್ನು ಹಿಡಿದಿದ್ದರು.

ಆ ಸರಕು ಮೆತಾಂಫೆಟಮಿನ್. ‘ಯಾಬಾ’ ಎಂಬ ಕೆಂಪು ಗುಳಿಗೆಯಾಗಿ, ‘ಐಸ್’ ಎಂಬ ಹರಳಾಗಿ ಅದು ಮಾರಾಟವಾಗುತ್ತದೆ. ಇದಕ್ಕೆ ಮಳೆ, ಮಣ್ಣು, ಋತು ಯಾವುದೂ ಬೇಡ. ಗಡಿಯಾಚೆಯಿಂದ ಬರುವ ರಾಸಾಯನಿಕ, ಒಬ್ಬ ರಸಾಯನತಜ್ಞ, ಕೇಳುವವರಿಲ್ಲದ ಒಂದು ಕಣಿವೆ ಇದ್ದರೆ ವರ್ಷವಿಡೀ ಉತ್ಪಾದನೆ. 2020ರ ಆರಂಭದ ತಿಂಗಳುಗಳಲ್ಲಿ ಉತ್ತರ ಶಾನ್‌ನ ಕುಟ್ಕೈ ಸೀಮೆಯಲ್ಲಿ ನಡೆದ ದಾಳಿಗಳಲ್ಲಿ 19 ಕೋಟಿಗೂ ಹೆಚ್ಚು ಗುಳಿಗೆಗಳು ಸಿಕ್ಕವು. ಆ ನೆಲ ಸರ್ಕಾರದ ಪರವಾಗಿದ್ದ ಕಾವಲು ಪಡೆಯೊಂದರ ಕೈಯಲ್ಲಿತ್ತು. ಅರವತ್ತರ ದಶಕದ ಉಪಾಯ ಹೊಸ ಸರಕಿನೊಂದಿಗೆ ಮುಂದುವರಿದಿತ್ತು. ಪೂರ್ವ ಮತ್ತು ಆಗ್ನೇಯ ಏಷ್ಯಾದಲ್ಲಿ 2024ರಲ್ಲಿ ವಶವಾದ ಮೆತಾಂಫೆಟಮಿನ್ 236 ಟನ್, ಅಲ್ಲಿಯವರೆಗಿನ ದಾಖಲೆ. ಇಷ್ಟಾದರೂ ಬೀದಿಯ ಬೆಲೆ ಏರಲಿಲ್ಲ. ಹಿಡಿದದ್ದಕ್ಕಿಂತ ತಯಾರಾದದ್ದು ಬಹಳ ಹೆಚ್ಚೆಂದು ಇದರಿಂದಲೇ ತಿಳಿಯುತ್ತದೆ. ‘ಸ್ಯಾಮ್ ಗೋರ್’ ಎಂಬ ಕೂಟ ದಾರಿಯಲ್ಲಿ ಸಿಕ್ಕಿಬಿದ್ದ ಸರಕಿಗೆ ಬದಲಿ ಕಳಿಸುವ ಭರವಸೆಯನ್ನೇ ಗಿರಾಕಿಗಳಿಗೆ ಕೊಡುತ್ತಿತ್ತೆಂದು 2019ರಲ್ಲಿ ರಾಯಿಟರ್ಸ್ ವರದಿ ಮಾಡಿತು.

2021ರ ಫೆಬ್ರವರಿ 1ರ ಸೈನಿಕ ದಂಗೆ ದೇಶದ ಆರ್ಥಿಕತೆಯನ್ನು ಕೆಡವಿತು. ರೈತರು ಮತ್ತೆ ಗಸಗಸೆಗೆ ಮರಳಿದರು. 2022ರಲ್ಲಿ ತಾಲಿಬಾನ್ ಅಫ್ಘಾನಿಸ್ತಾನದಲ್ಲಿ ಅಫೀಮನ್ನು ನಿಷೇಧಿಸಿದ ಮೇಲೆ, 2023ರಲ್ಲಿ ಅಂದಾಜು 1,080 ಟನ್ ಉತ್ಪಾದನೆಯೊಂದಿಗೆ ಮ್ಯಾನ್ಮಾರ್ ಜಗತ್ತಿನ ಮೊದಲ ಸ್ಥಾನಕ್ಕೆ ಬಂತು.

ಹೊಸ ಸರಕು: ಮನುಷ್ಯರು

ಗಡಿಯೂರುಗಳ ಕ್ಯಾಸಿನೊಗಳು ಮಾದಕವಸ್ತುವಿನ ಹಣವನ್ನು ಬಿಳಿಮಾಡುವ ಜಾಗಗಳಾಗಿದ್ದವು. ಕೊರೊನಾ ಕಾಲದಲ್ಲಿ ಜೂಜುಗಾರರು ಬರುವುದು ನಿಂತಾಗ ಅದೇ ಕಟ್ಟಡಗಳಲ್ಲಿ ಆನ್‌ಲೈನ್ ವಂಚನೆಯ ಕೇಂದ್ರಗಳು ಬೀಡುಬಿಟ್ಟವು. ಒಳ್ಳೆಯ ಕೆಲಸದ ಆಸೆ ತೋರಿಸಿ ಕರೆಸಿಕೊಂಡ ಯುವಜನರ ಪಾಸ್‌ಪೋರ್ಟ್ ಕಿತ್ತುಕೊಂಡು, ಹೊಡೆದು ಬಡಿದು, ಪರದೇಶದವರನ್ನು ವಂಚಿಸುವ ಕೆಲಸಕ್ಕೆ ಹಚ್ಚಿದರು. ಕೊಕಾಂಗ್‌ನ ಲೌಕ್ಕಾಯ್ ಇದಕ್ಕೆ ಕುಖ್ಯಾತವಾಯಿತು. ತನ್ನ ನಾಗರಿಕರೇ ಬಲಿಯಾಗುತ್ತಿದ್ದುದರಿಂದ ಚೀನಾ ಸಿಟ್ಟಾಯಿತು. 2023ರ ಅಕ್ಟೋಬರ್ 27ರಂದು ಮೂರು ಬಂಡಾಯ ಪಡೆಗಳು ಒಟ್ಟಾಗಿ ದಾಳಿ ಆರಂಭಿಸಿದಾಗ ವಂಚನೆ ಕೇಂದ್ರಗಳನ್ನು ಅಳಿಸುವುದನ್ನೂ ಗುರಿಯೆಂದು ಸಾರಿದವು. 2024ರ ಜನವರಿಯಲ್ಲಿ ಲೌಕ್ಕಾಯ್ ಅವುಗಳ ವಶವಾಯಿತು. ಕೇಂದ್ರಗಳಲ್ಲಿ ಹಲವು ಬೇರೆ ಗಡಿಗಳಿಗೆ ಜಾಗ ಬದಲಿಸಿದವು. ಥಾಯ್ ಗಡಿಯ ಮ್ಯಾವಡ್ಡಿಯಂಥ ಸೀಮೆಗಳ ಕೇಂದ್ರಗಳಿಂದ ಬಿಡುಗಡೆಯಾದ ಐನೂರಕ್ಕೂ ಹೆಚ್ಚು ಭಾರತೀಯರನ್ನು 2025ರ ಮಾರ್ಚ್‌ನಲ್ಲಿ ನಮ್ಮ ವಾಯುಪಡೆಯ ವಿಮಾನಗಳು ಕರೆತಂದವು.

ನಮ್ಮ ಗಡಿಯ ಈಚೆ

ಭಾರತ–ಮ್ಯಾನ್ಮಾರ್ ಗಡಿ 1,643 ಕಿಲೋಮೀಟರ್. ಮಣಿಪುರದ ಮೋರೆ, ಮಿಜೋರಾಂನ ಚಂಫಾಯ್ ದಾರಿಗಳಲ್ಲಿ ಹೆರಾಯಿನ್ ಒಳಬರುತ್ತಿರುವುದು ದಶಕಗಳ ಕಥೆ. 1990ರ ಸುಮಾರಿಗೆ ಮಣಿಪುರದಲ್ಲಿ ಸೂಜಿ ಹಂಚಿಕೊಂಡು ಹೆರಾಯಿನ್ ಚುಚ್ಚಿಕೊಳ್ಳುತ್ತಿದ್ದ ಯುವಕರಲ್ಲಿ ಎಚ್‌ಐವಿ ಕಾಳ್ಗಿಚ್ಚಿನಂತೆ ಹರಡಿತು. ಒಂದು ತಲೆಮಾರಿನ ಮಕ್ಕಳನ್ನು ಕಳೆದುಕೊಂಡ ಆ ತಾಯಂದಿರ ನೋವು ದೇಶದ ಭದ್ರತೆಯ ಲೆಕ್ಕಪತ್ರದಲ್ಲಿ ಸೇರಲೇಬೇಕು. ಸಾಗಣೆ ಒಮ್ಮುಖವೂ ಅಲ್ಲ: ನಮ್ಮಲ್ಲಿ ತಯಾರಾಗುವ ಶೀತದ ಔಷಧಿಯ ಸೂಡೊಎಫೆಡ್ರಿನ್ ಇದೇ ಗಡಿ ದಾಟಿ ಯಾಬಾ ಕಾರ್ಖಾನೆಗಳಿಗೆ ಕಚ್ಚಾವಸ್ತುವಾಗಿದೆ. 2024ರ ನವೆಂಬರ್‌ನಲ್ಲಿ ಅಂಡಮಾನ್‌ನ ಬ್ಯಾರನ್ ದ್ವೀಪದ ಬಳಿ ಕರಾವಳಿ ರಕ್ಷಣಾ ಪಡೆ ಮ್ಯಾನ್ಮಾರ್‌ನ ಮೀನುಗಾರಿಕಾ ದೋಣಿಯೊಂದರಿಂದ ಐದೂವರೆ ಟನ್ನಿನಷ್ಟು ಮೆತಾಂಫೆಟಮಿನ್ ಹಿಡಿಯಿತು. ನೆಲದ ಗಡಿ ಬಿಗಿಯಾದರೆ ಸಮುದ್ರದ ದಾರಿ ತೆರೆದೇ ಇದೆ. ಗಡಿಯುದ್ದಕ್ಕೂ ಬೇಲಿ ಹಾಕುವ ನಿರ್ಧಾರವನ್ನು ಭಾರತ 2024ರಲ್ಲಿ ಪ್ರಕಟಿಸಿದೆ. ಎರಡೂ ಬದಿಯಲ್ಲಿ ನೆಂಟರಿರುವ ನಾಗಾ, ಕುಕಿ, ಮಿಜೋ ಜನರ ಬಾಳಿನ ಮೇಲೆ ಅದರ ಭಾರ ಬೀಳುತ್ತದೆಂಬುದನ್ನು ಮರೆಯುವಂತಿಲ್ಲ.

ಯಾವುದು ಕೆಲಸ ಮಾಡಿತು?

ಉತ್ತರ ಥಾಯ್ಲೆಂಡ್‌ನ ಬೆಟ್ಟಗಳಲ್ಲೂ ಒಂದು ಕಾಲಕ್ಕೆ ಅಫೀಮು ಬೆಳೆಯುತ್ತಿತ್ತು. 1969ರಲ್ಲಿ ಆರಂಭವಾದ ರಾಜಯೋಜನೆ ಅಲ್ಲಿನ ರೈತರಿಗೆ ಕಾಫಿ, ಹಣ್ಣು, ತರಕಾರಿ ಬೆಳೆ ಕಲಿಸಿತು. ಜೊತೆಗೆ ರಸ್ತೆ, ಶಾಲೆ, ಆಸ್ಪತ್ರೆ ಬಂದವು. ಬೆಳೆದದ್ದನ್ನು ಕೊಳ್ಳುವ ಮಾರುಕಟ್ಟೆಯೂ ಬಂತು. ಹೊಲ ನಾಶಮಾಡುವ ಕೆಲಸವನ್ನು ಬಹುಮಟ್ಟಿಗೆ ಹಲವು ವರ್ಷಗಳ ನಂತರ, ರೈತನಿಗೆ ಬೇರೆ ಆದಾಯ ಕಂಡ ಮೇಲೆಯೇ ಕೈಗೆತ್ತಿಕೊಂಡರು. ಫಲ ಸಿಗಲು ಎರಡು ಮೂರು ದಶಕ ಹಿಡಿಯಿತು. ಅಷ್ಟು ಕಾಲ ಪಟ್ಟು ಹಿಡಿದು ಮಾಡಲು ಅಲ್ಲಿ ಸರ್ಕಾರವೊಂದು ಇತ್ತು. ಗಡಿಯಾಚೆಯ ಶಾನ್ ರಾಜ್ಯಕ್ಕೆ ಸಿಗದೆ ಹೋದದ್ದು ಅದೇ.

ಶಾನ್ ಬೆಟ್ಟಗಳ ಎಪ್ಪತ್ತೈದು ವರ್ಷಗಳಲ್ಲಿ ಸರಕು ಬದಲಾಯಿತು, ದೊರೆಗಳು ಬದಲಾದರು, ಹೇಸರಗತ್ತೆಯ ಜಾಗಕ್ಕೆ ಲಾರಿ, ದೋಣಿ, ಮೊಬೈಲ್ ಬಂದವು. ಬದಲಾಗದೆ ಉಳಿದದ್ದು ಒಪ್ಪಿತ ಕಾನೂನಿಲ್ಲದ, ಕೋವಿಯೇ ತೆರಿಗೆ ಎತ್ತುವ ನೆಲ. ಆದ್ದರಿಂದ ಎಷ್ಟು ಟನ್ ಹಿಡಿದೆವು ಎಂಬ ಲೆಕ್ಕದಿಂದ ಭದ್ರತೆಯನ್ನು ಅಳೆಯಲಾಗದು. ಮಣಿಪುರದ ಬೆಟ್ಟಗಳಲ್ಲೂ ಈಗ ಗಸಗಸೆ ಬೇರುಬಿಟ್ಟಿದೆ. ಅದನ್ನು ಯಾವುದೋ ಒಂದು ಸಮುದಾಯದ ಅಪರಾಧವೆಂದು ಬಗೆದರೆ ಬಂಡಾಯಕ್ಕೆ ಇನ್ನೊಂದು ಕಾರಣ ಸಿಗುತ್ತದೆ, ವ್ಯಾಪಾರಿಗೆ ಇನ್ನೊಂದು ಕಾವಲು ಪಡೆ ಸಿಗುತ್ತದೆ. ಬೆಟ್ಟದ ರೈತನ ಬೇರೆ ಬೆಳೆಗೆ ನ್ಯಾಯವಾದ ಬೆಲೆ, ಆ ಬೆಳೆ ಸಾಗಲು ರಸ್ತೆ, ಕೊಟ್ಟ ರಾಜಕೀಯ ಮಾತನ್ನು ನಡೆಸಿಕೊಡುವ ಸರ್ಕಾರ, ಯಾವ ಸಶಸ್ತ್ರ ಗುಂಪಿಗೂ ಬಾಡಿಗೆಗೆ ಕೊಡದ ಕಾನೂನು: ಇವು ಗಡಿ ಕಾವಲಿನಷ್ಟೇ ಮುಖ್ಯವಾದ ಭದ್ರತಾ ಕಾರ್ಯಗಳು. ಇವಕ್ಕೆ ಬೇಕಾದ ಹಣ, ಕಾಲ, ತಾಳ್ಮೆಯನ್ನು ನಾವು ಈಗಲೇ ತೊಡಗಿಸಬೇಕು.