ಐದು ವರ್ಷಗಳಲ್ಲಿ ಎರಡು ಪದವಿ

ದೇಶ ಸುತ್ತಬೇಕು, ಕೋಶ ಓದಬೇಕು ಎಂಬುದು ನಮ್ಮ ಹಿರಿಯರ ಮಾತು. ಈ ಎರಡನ್ನೂ ಒಂದೇ ವ್ಯಾಸಂಗದಲ್ಲಿ ಅಡಕಗೊಳಿಸಿಕೊಂಡ ವಿದ್ಯೆಯೊಂದಿದೆ. ಅದೇ ಅಂತರರಾಷ್ಟ್ರೀಯ ವ್ಯವಹಾರಗಳ ಅಧ್ಯಯನ. ಈ ವಿಷಯದಲ್ಲಿ ಬಿ.ಎ. ಮತ್ತು ಎಂ.ಎ. ಪದವಿಗಳನ್ನು ಒಂದಕ್ಕೊಂದು ಹೊಂದಿಸಿ ಬೋಧಿಸುವ ಕ್ರಮ ಅಮೆರಿಕದ ಹಲವು ವಿಶ್ವವಿದ್ಯಾನಿಲಯಗಳಲ್ಲಿದೆ. ಅದರ ಸ್ವರೂಪವನ್ನೂ ಗುಣದೋಷಗಳನ್ನೂ ಇಲ್ಲಿ ಸಂಕ್ಷೇಪವಾಗಿ ತಿಳಿಸಲೆಳಸುತ್ತೇನೆ.

ಈ ಶಾಸ್ತ್ರವು ಯುದ್ಧದ ಬೂದಿಯಲ್ಲಿ ಮೊಳೆತದ್ದು. ಮೊದಲನೆಯ ಮಹಾಯುದ್ಧವು ಮುಗಿದ ಮರುವರ್ಷ, ಎಂದರೆ 1919ರಲ್ಲಿ, ವೇಲ್ಸ್ ದೇಶದ ಆಬರಿಸ್ಟ್‌ವಿತ್‌ನಲ್ಲಿ ಅಂತರರಾಷ್ಟ್ರೀಯ ರಾಜಕೀಯಕ್ಕಾಗಿ ಮೊತ್ತಮೊದಲ ಪ್ರಾಧ್ಯಾಪಕ ಪೀಠ ಸ್ಥಾಪಿತವಾಯಿತು. ಅದೇ ವರ್ಷ ವಾಷಿಂಗ್ಟನ್ ನಗರದ ಜಾರ್ಜ್‌ಟೌನ್ ವಿಶ್ವವಿದ್ಯಾನಿಲಯದಲ್ಲಿ ವಿದೇಶಾಂಗ ಸೇವಾ ಶಾಲೆ ಆರಂಭವಾಯಿತು. ಎರಡನೆಯ ಮಹಾಯುದ್ಧದ ನಡುವೆ, 1943ರಲ್ಲಿ, ಪಾಲ್ ನಿಟ್ಜೆ ಮತ್ತು ಕ್ರಿಶ್ಚಿಯನ್ ಹರ್ಟರ್ ಎಂಬವರು ಅದೇ ನಗರದಲ್ಲಿ ಇನ್ನೊಂದು ಶಾಲೆಯನ್ನು ತೆರೆದರು. 1950ರಲ್ಲಿ ಅದು ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾನಿಲಯದ ಅಂಗವಾಯಿತು.

ಅಮೆರಿಕದಲ್ಲಿ ಬಿ.ಎ. ಪದವಿಗೆ ಸಾಮಾನ್ಯವಾಗಿ 4 ವರ್ಷ, ಈ ವಿಷಯದ ಎಂ.ಎ. ಪದವಿಗೆ 2 ವರ್ಷ, ಒಟ್ಟು 6. ಜೋಡಿ ಪದವಿಯಲ್ಲಿ 5 ವರ್ಷ ಸಾಕು. ಉಳಿದ ಒಂದು ವರ್ಷ ಎಲ್ಲಿ ಹೋಯಿತು? ವಿದ್ಯಾರ್ಥಿಯು ಬಿ.ಎ. ಓದುತ್ತಿರುವಾಗಲೇ ಎಂ.ಎ. ತರಗತಿಯ ಕೆಲವು ಪಾಠಗಳನ್ನು ಕಲಿಯುತ್ತಾನೆ. ಅವು ಎರಡು ಪದವಿಗಳ ಲೆಕ್ಕಕ್ಕೂ ಸೇರುತ್ತವೆ. ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಬಹುಕಾಲದಿಂದ ಬಂದಿರುವ ಏರ್ಪಾಡಿನಂತೆ ಮೊದಲ 3 ವರ್ಷ ಬಾಲ್ಟಿಮೋರಿನಲ್ಲಿ, ಬಳಿಕ 2 ವರ್ಷ ಮೇಲೆ ಹೇಳಿದ ಶಾಲೆಯಲ್ಲಿ ಓದು. ಇತಿಹಾಸ, ರಾಜ್ಯಶಾಸ್ತ್ರಗಳ ಜತೆಗೆ ಅರ್ಥಶಾಸ್ತ್ರವೂ ಒಂದು ಪರಭಾಷೆಯೂ ಇಂಥ ವ್ಯಾಸಂಗದ ಬೆನ್ನೆಲುಬು.

ಒಂದು ವರ್ಷದ ಶುಲ್ಕ, ಊಟವಸತಿಗಳ ಖರ್ಚು ಉಳಿಯುವುದು ಸಣ್ಣ ಲಾಭವಲ್ಲ. ಆದರೆ ಹದಿನೆಂಟು ಹತ್ತೊಂಬತ್ತರ ವಯಸ್ಸಿನಲ್ಲೇ ಐದು ವರ್ಷಗಳ ದಾರಿಯನ್ನು ನಿಶ್ಚಯಿಸಬೇಕಾಗುತ್ತದೆ. ಮನಸ್ಸು ಬದಲಾದರೆ ಬಿ.ಎ. ಪದವಿಯೊಡನೆ ಹೊರಬರಲು ಅವಕಾಶವುಂಟೆ? ಮೊದಲ ವರ್ಷಗಳ ವಿದ್ಯಾರ್ಥಿವೇತನ ಕೊನೆಯ ವರ್ಷಕ್ಕೂ ಸಲ್ಲುತ್ತದೆಯೆ? ಈ ಎರಡು ಪ್ರಶ್ನೆಗಳಿಗೆ ಉತ್ತರ ದೊರೆಯುವವರೆಗೆ ಯಾರೂ ಮನೆಯ ಹೊಲವನ್ನು ಅಡವಿಡಬಾರದೆಂಬುದು ನನ್ನ ದೃಢವಾದ ಅಭಿಪ್ರಾಯ.

ಹಾಗಾದರೆ ಬಡವರ ಮಕ್ಕಳಿಗೆ ಈ ವಿದ್ಯೆ ಗಗನಕುಸುಮವೆ? ಖಂಡಿತ ಅಲ್ಲ. ದೆಹಲಿಯಲ್ಲಿ 1955ರಲ್ಲಿ ಪ್ರಾರಂಭವಾದ ಅಂತರರಾಷ್ಟ್ರೀಯ ಅಧ್ಯಯನ ಶಾಲೆಯು 1970ರಲ್ಲಿ ಜವಾಹರಲಾಲ್ ನೆಹರೂ ವಿಶ್ವವಿದ್ಯಾನಿಲಯದಲ್ಲಿ ವಿಲೀನವಾಯಿತು. ನಮ್ಮಂಥ ಕಾಲೇಜಿನಲ್ಲಿ ಬಿ.ಎ. ಮುಗಿಸಿದವರು ಪ್ರವೇಶ ಪರೀಕ್ಷೆ ಬರೆದು ಅಲ್ಲಿ ಎಂ.ಎ. ತರಗತಿಗೆ ಸೇರಬಹುದು. ಇನ್ನು ಭಾರತದ ವಿದೇಶಾಂಗ ಸೇವೆಗಂತೂ ಜೋಡಿ ಪದವಿಯ ಅಗತ್ಯವೇ ಇಲ್ಲ. ಕೇಂದ್ರ ಲೋಕಸೇವಾ ಆಯೋಗದ ಪರೀಕ್ಷೆಗೆ ಯಾವುದೇ ವಿಷಯದ ಮೊದಲ ಪದವಿ ಸಾಕು. ಆಯ್ಕೆಯಾದವರಿಗೆ ಪರಭಾಷೆಯನ್ನು ಸರಕಾರವೇ ಕಲಿಸುತ್ತದೆ. ಬೆಂಗಳೂರಿನ ಕಾಲೇಜೊಂದರಲ್ಲಿ ಇಂಗ್ಲಿಷ್ ಸಾಹಿತ್ಯವನ್ನು ಓದಿದ ಶ್ರೀಮತಿ ನಿರುಪಮಾ ರಾವ್ ಅವರು 1973ರಲ್ಲಿ ಈ ಸೇವೆಗೆ ಸೇರಿ, 2009ರಲ್ಲಿ ದೇಶದ ವಿದೇಶಾಂಗ ಕಾರ್ಯದರ್ಶಿಯಾದರು.

ಆದ್ದರಿಂದ ಜೋಡಿ ಪದವಿಯನ್ನು ಸಮಯದ ಉಳಿತಾಯವೆಂದು ಮಾತ್ರ ಎಣಿಸದೆ, ಅದರ ಹಿಂದಿನ ತತ್ತ್ವವನ್ನು ಗ್ರಹಿಸೋಣ. ಬಿ.ಎ. ತರಗತಿಯಲ್ಲಿರುವಾಗಲೇ ಎಂ.ಎ. ಮಟ್ಟದ ಗ್ರಂಥಗಳಿಗೆ ಕೈಹಾಕುವುದೇ ಆ ತತ್ತ್ವ. ಅದಕ್ಕೆ ಹಡಗಾಗಲಿ ವಿಮಾನವಾಗಲಿ ಬೇಕಿಲ್ಲ. ನಮ್ಮ ಗ್ರಂಥಾಲಯದಲ್ಲಿ ಇತಿಹಾಸ, ಅರ್ಥಶಾಸ್ತ್ರಗಳ ಕಪಾಟುಗಳಿವೆ. ದಿನವೂ ಪತ್ರಿಕೆಗಳು ಬರುತ್ತವೆ. ಗೋಡೆಯ ಮೇಲಿನ ಭೂಪಟವನ್ನು ಎದುರಿಗಿಟ್ಟುಕೊಂಡು ದಿನಕ್ಕೊಂದು ಗಂಟೆ ಅವನ್ನು ಓದುವ ಅಭ್ಯಾಸ ಮಾಡಿದರೆ, ಅದೇ ನಮ್ಮ ಎರಡನೆಯ ಪದವಿಯ ಮೊದಲ ಪಾಠವಾದೀತು.